ಅಳೆಯುವವರು ಬಂದ ದಿನ

"ಆ ಮೊಂಡುಗೈನ ಸೆರಗೊಳಕ್ಕೆ ತುರುಕ್ಕಳೇ ಮುಂಡೆ! ಎಷ್ಟ್ ಸಲ ಬಡ್ಕೋಬೇಕು ನಿಂಗೆ? ಕಾರು ಆಗ್ಲೇ ನೊಣವಿನಕೆರೆ ದಾಟೈತಂತೆ, ಇವ್ಳು ಇನ್ನೂ ಪೊರಕೆ ಹಿಡ್ಕಂಡು ಮೆರವಣಿಗೆ ಹೊಂಟವ್ಳೆ!"

ಮ್ಯಾನೇಜರ್ ಯೋಗೀಶನ ಕೂಗು ಕಾಯಿಪುಡಿ ಫ್ಯಾಕ್ಟರಿಯ ತಗಡಿನ ಗೋಡೆಗಳಿಗೆಲ್ಲ ಕೇಳಿಸಿತು. ಪುಟ್ಟಗಂಗಮ್ಮ ಪೊರಕೆ ಬಿಟ್ಟಳು. ಎಡಗೈಯಲ್ಲಿ ಪೊರಕೆ ಹಿಡಿದು, ಬಲಗೈಯ ಮೊಂಡನ್ನು ಅದರ ಹಿಡಿಗೆ ಒತ್ತಿಕೊಂಡು ಬೆಳಗಿನಿಂದ ಅವಳು ಗ್ರೈಂಡರ್ ಕೋಣೆಯ ನೆಲ ತೊಳೆಯುತ್ತಿದ್ದಳು. ಫಿನಾಯಿಲಿನ ನಾತಕ್ಕೆ ಕಣ್ಣು ಉರಿಯುತ್ತಿತ್ತು. ಅವಳ ಬಲಗೈಯಲ್ಲಿ ಉಳಿದದ್ದು ಹೆಬ್ಬೆಟ್ಟೊಂದೇ. ಮಿಕ್ಕ ನಾಲ್ಕೂ ಬೆರಳು ಬುಡದವರೆಗೆ ಇರಲಿಲ್ಲ. ಸೆರಗಿನ ತುದಿಯನ್ನು ಆ ಕೈಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದೇನೂ ಹೊಸದಲ್ಲ. ಎರಡು ವರ್ಷದಿಂದ ಅವಳು ಎಲ್ಲಿಗೆ ಹೋದರೂ ಹೀಗೇ ಹೋಗುತ್ತಿದ್ದಳು, ಬಸ್ಸಿಗೂ ಹೀಗೇ, ಅಂಗಡಿಗೂ ಹೀಗೇ.

ಸುತ್ತ ಅವಳ ಕಾಲೋನಿಯ ಹೆಂಗಸರೇ ನಿಂತಿದ್ದರು. ಆವತ್ತು ಬೆಳಿಗ್ಗೆ ಹಂಚಿದ ಹೊಸ ಟೋಪಿ, ಹೊಸ ಗ್ಲೌಸು, ಮೂಗಿಗೆ ಹೊಸ ಬಟ್ಟೆ. ಯಾರೂ ಅವಳ ಕಡೆ ನೋಡಲಿಲ್ಲ. ನೋಡದೆ ಇರುವುದನ್ನು ಅವರೂ ಚೆನ್ನಾಗಿ ಕಲಿತಿದ್ದರು.

"ದುರ್ಗಯ್ಯ, ಲಕ್ಕಯ್ಯ, ಇವ್ಳು, ಮೂರೂ ಜನ ಅಟ್ಟ ಹತ್ರಿ. ಅವ್ರು ಹೋಗಗಂಟ ಉಸ್ರು ಬಿಡಂಗಿಲ್ಲ."

ಗಟ್ಟಿ ಕಾಯಿಯ ಚಿಪ್ಪು ಒಡೆಯುವಾಗ ಚೂರೊಂದು ಸಿಡಿದು ದುರ್ಗಯ್ಯನ ಎಡಗಣ್ಣು ಹೋಗಿತ್ತು. ಲಕ್ಕಯ್ಯನ ಪಾದದ ಮೇಲೆ ಬಾಯ್ಲರಿನ ಕಬ್ಬಿಣದ ಬಾಗಿಲು ಬಿದ್ದಿತ್ತು. ಆಮೇಲೆ ಅವನು ನಡೆದದ್ದಕ್ಕಿಂತ ಕಾಲೆಳೆದದ್ದೇ ಹೆಚ್ಚು. ಇಬ್ಬರಿಗೂ ಕೆಲಸ ಉಳಿದಿತ್ತು. ಬಾಯಿ ಮುಚ್ಚಿಕೊಂಡಿದ್ದರು, ಅದಕ್ಕೇ ಉಳಿದಿತ್ತು.

"ಯಾರ್ ಬತ್ತಾ ಇರೋದು ಯೋಗೀಶಪ್ಪ, ಮಿನಿಸ್ಟ್ರಾ?" ದುರ್ಗಯ್ಯ ಕೇಳಿದ.

"ಫಾರಿನ್ನೋರು ಕಣ್ಲಾ. ಯಾವ್ಯಾವ ದೇಶದಲ್ಲಿ ಕೆಲಸದ ಜಾಗದಲ್ಲಿ ಎಷ್ಟೆಷ್ಟು ಜನಕ್ಕೆ ಪೆಟ್ಟಾಯ್ತದೆ ಅಂತ ಅಳ್ಯೋರು. ಅವ್ರು ಚೆಂದಾಗೈತೆ ಅಂದ್ರೇನೆ ನಮ್ ಪುಡಿ ಹಡಗು ಹತ್ತೋದು."

"ಪೆಟ್ಟ ಹೆಂಗಪ್ಪಾ ಅಳೀತಾರೆ? ಕೊಳಗದಲ್ಲೋ, ಟೇಪಲ್ಲೋ?"

"ನಿನ್ನ ಇನ್ನೊಂದು ಕಣ್ಣ ಕಿತ್ತು ತೋರುಸ್ತೀನಿ, ಅಳ್ಕತಾರೆ. ಹತ್ತೋ ನನ್ಮಗನೆ!"

ಹೆಂಗಸರು ಕಿಸಕ್ಕೆಂದರು. ದುರ್ಗಯ್ಯನೂ ನಕ್ಕ. ಬೈಸಿಕೊಂಡವನೇ ಮೊದಲು ನಗುವುದು ಅಲ್ಲಿಯ ರೂಢಿ.

ಗ್ರೈಂಡರ್ ಕೋಣೆ ಮೊದಲು ಕೊಬ್ಬರಿ ಮನೆಯಾಗಿತ್ತು. ಮಾಲೀಕ ತೋಂಟದಾರ್ಯ ಅದರ ಅರ್ಧಕ್ಕೆ ಯಂತ್ರ ಹೂಡಿ, ಮೇಲಿನ ಅಟ್ಟವನ್ನು ಹಾಗೇ ಉಳಿಸಿಕೊಂಡಿದ್ದ. ಅಡಿಕೆ ದಬ್ಬೆಯ ಆ ಅಟ್ಟದ ಮೇಲೆ ಸಾವಿರಾರು ಕಾಯಿ ವರ್ಷಗಟ್ಟಲೆ ಒಣಗುತ್ತಾ ಬಿದ್ದಿರುತ್ತಿದ್ದವು. ಆ ಅಟ್ಟಕ್ಕೆ ಹೆಂಗಸರು ಹತ್ತುವಂತಿರಲಿಲ್ಲ. ಹತ್ತಿದರೆ ಕೊಬ್ಬರಿಗೆ ಬೂಸ್ಟು ಹಿಡಿಯುತ್ತದೆಂದು ತೋಂಟದಾರ್ಯನ ತಾಯಿ ಕಾಲದಿಂದ ನಡೆದುಬಂದ ಕಟ್ಟು. ಕಾಲೋನಿಯ ಹೆಂಗಸೆಂದರಂತೂ ಏಣಿ ಮುಟ್ಟಿದರೂ ನೀರು ಚಿಮುಕಿಸುತ್ತಿದ್ದರು. ಇವತ್ತು ತೋಂಟದಾರ್ಯನೇ ಏಣಿಯ ಬುಡದಲ್ಲಿ ನಿಂತು, "ಬೇಗ ಬೇಗ, ಹತ್ತಮ್ಮ" ಎಂದ. ಫಾರಿನ್ನಿನ ಕಾರು ಹತ್ತಿರ ಬಂದಂತೆಲ್ಲ ಮಡಿ ಎಷ್ಟು ಸಲೀಸಾಗಿ ಸಡಿಲವಾಗುತ್ತದೆ ನೋಡಿ.

ಒಂದೂವರೆ ಕೈಯಲ್ಲಿ ಏಣಿ ಹತ್ತುವುದು ಕಷ್ಟವಾಯಿತು. ದುರ್ಗಯ್ಯ ಮೇಲಿನಿಂದ ರಟ್ಟೆ ಹಿಡಿದು ಎಳೆದುಕೊಂಡ. ಮೂವರೂ ಕಾಯಿಗಳ ನಡುವೆ ಕುಕ್ಕರಗಾಲಲ್ಲಿ ಕೂತರು. ಒಸಿ ಅಲುಗಿದರೂ ಕಾಯಿ ಉರುಳಿ ಒಳಗಿನ ಕೊಬ್ಬರಿ ಗುಡುಗುಡು ಎನ್ನುತ್ತಿತ್ತು. ದಬ್ಬೆಗಳ ಸಂದಿಯಲ್ಲಿ ಕೆಳಗಿನ ಗ್ರೈಂಡರ್ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಪುಟ್ಟಗಂಗಮ್ಮನ ಮಗಳು ಸೌಂದರ್ಯ ನಿಂತಿದ್ದಳು.

ಅದೇ ಗ್ರೈಂಡರು. ಮೇಲೆ ಅಗಲ ಬಾಯಿ, ಒಳಗೆ ತಿರುಗುವ ಬ್ಲೇಡು. ಬಿಳಿ ಹೋಳುಗಳನ್ನು ಆ ಬಾಯಿಗೆ ಸುರಿಯುತ್ತಾ ಹೋಗಬೇಕು. ಬಾಯಿಗೆ ಕಬ್ಬಿಣದ ಜಾಲರಿಯೊಂದು ಇತ್ತು. ಅದಿದ್ದರೆ ಹೋಳು ಸರಾಗವಾಗಿ ಇಳಿಯುವುದಿಲ್ಲ, ಪುಡಿ ಕಡಿಮೆಯಾಗುತ್ತದೆ ಎಂದು ಯೋಗೀಶ ತೆಗೆಸಿ ಗೋಡೆಗೆ ಒರಗಿಸಿದ್ದ. ಎರಡು ವರ್ಷದ ಕೆಳಗೆ ಪುಟ್ಟಗಂಗಮ್ಮ ಹೋಳು ಸುರಿಯುತ್ತಿದ್ದಾಗ ಬಿಳಿ ಹೋಳುಗಳ ನಡುವೆ ಕೊಳೆತದ್ದೊಂದು ಜಾರುತ್ತಿರುವುದು ಕಂಡಿತು. ಕೈ ತಾನಾಗಿಯೇ ಅದರ ಹಿಂದೆ ಹೋಯಿತು. ತೆಂಗಿನ ಸೀಮೆಯ ಹೆಂಗಸಿನ ಕೈ ಅದು. ನಡೆಯಲು ಕಲಿತಾಗಿನಿಂದ ಕೆಟ್ಟ ಕಾಯಿ ಕಂಡರೆ ತೆಗೆದು ಆಚೆಗಿಟ್ಟು ಬೆಳೆದದ್ದು. ಒಂದು ಕೊಳೆತ ಹೋಳು ಬಿದ್ದರೆ ಇಡೀ ರಾಶಿ ಕಮಟು ಹೊಡೆಯುತ್ತದೆಂದು ಆ ಕೈಗೆ ಗೊತ್ತಿತ್ತು. ಬ್ಲೇಡಿನ ವಿಚಾರ ಆ ಗಳಿಗೆಯಲ್ಲಿ ಅದಕ್ಕೆ ನೆನಪಾಗಲಿಲ್ಲ.

ತೋಂಟದಾರ್ಯ ತನ್ನ ಕಾರಿನಲ್ಲೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಸೀಟಿಗೆ ಗೊಬ್ಬರದ ಚೀಲ ಹಾಸಿ ಕೂರಿಸಿದ. ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿಕೊಟ್ಟ.

"ಮನೇಲಿ ಹಸುಗೆ ಮೇವು ಕತ್ತರಿಸ್ವಾಗ ಮಿಷನ್ನಿಗೆ ಸಿಗಾಕ್ಕಂತು ಅನ್ನು. ಫ್ಯಾಕ್ಟ್ರೀಲಿ ಅಂದ್ಯೋ, ನಾಳೀಕೆ ಬೀಗ. ನಿಮ್ಮ ಕಾಲೋನಿ ಹೆಂಗಸ್ರೆಲ್ಲ ನಿನ್ ಮಕಕ್ಕೆ ಉಗೀತಾರೆ. ನಾನೇನ್ ಕೈ ಬಿಡ್ತೀನಾ? ನಿನ್ ಮಗ್ಳಿಗೆ ಕೆಲಸ ಕೊಡ್ತೀನಿ. ಹೆಬ್ಬೆಟ್ಟು ಉಳ್ಕಂಡೈತಲ್ಲ, ಸಾಕು ಬುಡು, ರೇಷನ್ನಿಗೆ ಒತ್ತಾಕೆ."

ಡಾಕ್ಟರು ಕೇಳಿದರು. ಮೇವು ಕತ್ತರಿಸುವಾಗ ಎಂದಳು. ಪೊಲೀಸಿನವನು ಬಂದು ಕೇಳಿದ. ಅವನಿಗೂ ಹಾಗೇ ಎಂದಳು. ಪುಟ್ಟಗಂಗಮ್ಮನ ಮನೆಯಲ್ಲಿ ಹಸುವಿರಲಿ, ಒಂದು ಕೋಳಿಯೂ ಇರಲಿಲ್ಲ. ಕಟ್ಟಿಹಾಕಲು ಕೊಟ್ಟಿಗೆಯಿರಲಿ, ತಾಯಿ ಮಗಳಿಬ್ಬರು ಕಾಲು ಚಾಚುವಷ್ಟು ಜಾಗವೂ ಇರಲಿಲ್ಲ.

ಊರಿಗೆ ಇದು ಗೊತ್ತಾಗದೆ ಇರುತ್ತದೆಯೇ? ನಲ್ಲಿಯ ಹತ್ತಿರ ಹೆಂಗಸರು, "ಗಂಗಮ್ಮಕ್ಕ, ನಿನ್ ಹಸ ಎಷ್ಟ್ ಲೀಟ್ರು ಕೊಡ್ತದೆ? ಒಸಿ ಮಜ್ಜಿಗೆನಾದ್ರೂ ಕೊಡೆ" ಎನ್ನತೊಡಗಿದರು. ಮೊದಮೊದಲು ಅವಳು ಕೊಡ ಬಿಟ್ಟು ಮನೆಗೆ ಬಂದುಬಿಡುತ್ತಿದ್ದಳು. ಆಮೇಲಾಮೇಲೆ ಅವಳೂ ನಗಲು ಕಲಿತಳು. "ಹಾಲು ಬತ್ತಿಸ್ಬುಟ್ಟೈತೆ ಕಣೇ ಈಗ" ಎಂದೂ ಒಮ್ಮೆ ಹೇಳಿದ್ದಳು. ಬೆರಳು ಹೋದ ನೋವು ಮಾಯಿತು. ಆವತ್ತು ತಾನು ನಕ್ಕ ನಗು ಮಾತ್ರ ಅವಳನ್ನು ಬಿಡಲಿಲ್ಲ. ಮದುವೆ ಮನೆಗಳಲ್ಲಿ ಎಲ್ಲರ ಸಾಲಿನಲ್ಲಿ ಕೂತು ಎಡಗೈಯಲ್ಲಿ ಉಣ್ಣಲು ನಾಚಿಕೆಯಾಗಿ ಊಟಕ್ಕೆ ಹೋಗುವುದನ್ನೇ ನಿಲ್ಲಿಸಿದಳು.

ತೋಂಟದಾರ್ಯ ಮಾತಿಗೆ ತಪ್ಪಲಿಲ್ಲ. ಮಗಳಿಗೆ ಕೆಲಸ ಕೊಟ್ಟ. ಎಲ್ಲಿ ಕೊಟ್ಟ? ಅದೇ ಗ್ರೈಂಡರಿನ ಬಾಯಲ್ಲಿ. ಜಾಲರಿ ಗೋಡೆಗೆ ಒರಗಿಕೊಂಡೇ ಇತ್ತು. ಹೋದ ವಾರ ಗುಡಿಸುತ್ತಿದ್ದ ಪುಟ್ಟಗಂಗಮ್ಮನ ಕಣ್ಣೆದುರೇ ಸೌಂದರ್ಯ ಕೊಳೆತ ಹೋಳೊಂದಕ್ಕೆ ಕೈ ಚಾಚಿದ್ದಳು. ತಾಯಿ ಕಿರುಚಿದ್ದಕ್ಕೆ ಕೈ ಹಿಂದಕ್ಕೆ ಬಂತು. ಅಂದಿನಿಂದ, ತನ್ನ ಕೈ ಮಾರಿ ಮಗಳಿಗೆ ಕೊಡಿಸಿದ್ದು ಇದನ್ನೇ ಎಂದು ಗೊತ್ತಾಗಿ, ಮಗಳ ಮುಖ ನೋಡಲು ಅವಳಿಗೆ ನಾಚಿಕೆಯಾಗುತ್ತಿತ್ತು.

ಈ ಬೆಳಿಗ್ಗೆ ಯೋಗೀಶ ಜಾಲರಿಯನ್ನು ತೊಳೆಸಿ, ಗ್ರೈಂಡರಿನ ಬಾಯಿಗಿಟ್ಟು, ಎರಡು ತುಂಡು ತಂತಿಯಲ್ಲಿ ಕಟ್ಟಿಸಿದ್ದ. ಬೋಲ್ಟು ಹಾಕಿಸಿರಲಿಲ್ಲ. ನಾಳೆ ಮತ್ತೆ ಬಿಚ್ಚಬೇಕಲ್ಲ.

ಕಾರು ಬಂತು. ಬಿಳಿಗೂದಲಿನ ಎತ್ತರದ ಫಾರಿನ್ ಹೆಂಗಸೊಬ್ಬಳು ಇಳಿದಳು. ಜೊತೆಗೆ ಅವಳ ಮಾತನ್ನು ಕನ್ನಡ ಮಾಡಲು ಬೆಂಗಳೂರಿನಿಂದ ಬಂದ ಜೀವಿತಾ ಎಂಬ ಹುಡುಗಿ. ತೋಂಟದಾರ್ಯ ಶಾಲು ಹೊದಿಸಿದ, ಎಳನೀರು ಕೊಟ್ಟ, ವಿಭೂತಿ ಹಚ್ಚಿದ ಹಣೆ ಬಗ್ಗಿಸಿ ಕೈ ಮುಗಿದ. "ನಮ್ಮಲ್ಲಿ ಎಲ್ರೂ ಒಂದೇ ಮನೆ ಮಕ್ಕಳಿದ್ದಂಗೆ ಅಂತ ಹೇಳಮ್ಮ ಮೇಡಮ್ಮಿಗೆ" ಎಂದ.

ಮಾತು ಕೇಳಿಸಲೆಂದು ಗ್ರೈಂಡರ್ ನಿಲ್ಲಿಸಿದರು. ಮೇಡಂ ಸೌಂದರ್ಯಳ ಮುಂದೆ ಬಂದು ನಿಂತಳು. ನಗುಮುಖದ ಹೆಂಗಸು. ಏನೋ ಕೇಳಿದಳು.

"ಇಲ್ಲಿ ಕೆಲಸ ಮಾಡುವಾಗ ಯಾರಿಗಾದರೂ ಪೆಟ್ಟಾಗಿದೆಯಾ ಅಂತ ಕೇಳ್ತಿದ್ದಾರೆ," ಎಂದಳು ಜೀವಿತಾ. "ಹೆದರಬೇಡಿ, ಹೇಳಿ."

ಯೋಗೀಶ ಮೇಡಮ್ಮಿನ ಬೆನ್ನ ಹಿಂದೆ ನಿಂತು ಸೌಂದರ್ಯಳನ್ನೇ ನೋಡುತ್ತಿದ್ದ.

"ಇಲ್ಲ ಮೇಡಂ."

"ಯಾವತ್ತೂ ಇಲ್ವಾ?"

"ಇಲ್ಲ."

"ನಿಮ್ಮ ಮನೆಯಲ್ಲಿ ಯಾರ್ಯಾರಿದ್ದೀರಿ? ಅಪ್ಪ, ಅಮ್ಮ?"

"ಅಪ್ಪ ಇಲ್ಲ." ಸೌಂದರ್ಯಳ ಮೂಗಿನ ಬಟ್ಟೆ ಒಳಕ್ಕೆ ಹೋಗಿ ಹೊರಕ್ಕೆ ಬಂತು. "ಅವ್ವನೂ ಇಲ್ಲ. ತೀರ್ಕಂಡ್ಳು."

ಅಟ್ಟದ ಮೇಲೆ ದುರ್ಗಯ್ಯ ಪುಟ್ಟಗಂಗಮ್ಮನ ಕಡೆ ತಿರುಗಿದ. ಅವಳು ದಬ್ಬೆಯ ಸಂದಿಗೆ ಕಣ್ಣಿಟ್ಟವಳು ಇಟ್ಟಂತೆಯೇ ಇದ್ದಳು. ಯೋಗೀಶ ಹೇಳಿಕೊಟ್ಟ ಮಾತೆಂದು ಅವಳಿಗೆ ತಿಳಿಯಿತು. ಅವ್ವ ಇದ್ದಾಳೆ ಅಂದರೆ ಏನು ಕೆಲಸ ಅನ್ನುತ್ತಾರೆ, ಇಲ್ಲೇ ಅಂದರೆ ಕರೆಸಿ ಅನ್ನುತ್ತಾರೆ. ಎಲ್ಲ ತಿಳಿಯಿತು. ಮಗಳ ಮೇಲೆ ಸಿಟ್ಟು ಬರಲಿಲ್ಲ. ಇಲ್ಲದ ಹಸುವನ್ನು ಇದೆ ಎಂದವಳು ತಾನು. ಇರುವ ತಾಯಿಯನ್ನು ಇಲ್ಲ ಎನ್ನುವುದನ್ನು ಮಗಳು ಇನ್ನೆಲ್ಲಿ ಕಲಿತಾಳು? ಎಡಗೈಯನ್ನು ದಬ್ಬೆಗೆ ಊರಿ ಏಳಹೊರಟಳು.

"ಕುಂತ್ಕಳೇ," ದುರ್ಗಯ್ಯ ಪಿಸುಗುಟ್ಟಿದ. "ಮೂರೂ ಜನದ ಅನ್ನಕ್ಕೆ ಕಲ್ಲಾಕ್ಬ್ಯಾಡ."

ಅವಳು ಎದ್ದಳು. ಕಾಯಿಗಳು ಉರುಳಿದವು. ಎರಡು ಕಾಯಿ ಅಟ್ಟದ ಅಂಚಿನಿಂದ ಜಾರಿ ತೋಂಟದಾರ್ಯನ ಕಾಲ ಬಳಿಯೇ ಬಿದ್ದವು. ಎಲ್ಲರೂ ತಲೆ ಎತ್ತಿದರು. ಮೊಣಕೈಯನ್ನು ಏಣಿಗೆ ಹೆಣೆದುಕೊಳ್ಳುತ್ತಾ ಪುಟ್ಟಗಂಗಮ್ಮ ಇಳಿದು ಬಂದಳು. ಸೆರಗು ಬಿಚ್ಚಿತ್ತು. ಕೈ ಬತ್ತಲಾಗಿತ್ತು. ದುರ್ಗಯ್ಯ, ಲಕ್ಕಯ್ಯ ಇಳಿಯಲಿಲ್ಲ.

"ಇವ್ಳಿಗೆ ತಲೆ ಸರಿಯಿಲ್ಲ ಮೇಡಂ," ತೋಂಟದಾರ್ಯ ನಕ್ಕ. "ಪಾಪ ಅಂತ ಇಟ್ಕಂಡಿದೀವಿ. ಯೋಗೀಶ, ಹೊರಕ್ಕೆ ಕರ್ಕಂಡೋಗು."

"ನಾನು ಈ ಹುಡ್ಗಿ ಅವ್ವ," ಎಂದಳು ಪುಟ್ಟಗಂಗಮ್ಮ, ಜೀವಿತಾಳ ಕಡೆ ತಿರುಗಿ. "ಸತ್ತಿಲ್ಲ ಕಣವ್ವ. ಅವ್ಳು ಸುಳ್ಳಿ ಅಲ್ಲ, ಹೇಳ್ಸವ್ರೆ. ನನ್ ಬೆಳ್ಳು ಇಲ್ಲೇ ಹೋಗಿದ್ದು. ಇದೇ ಮಿಷನ್ನು."

ಜೀವಿತಾ ಇಂಗ್ಲಿಷಿನಲ್ಲಿ ಹೇಳಿದಳು. ಮೇಡಮ್ಮಿನ ನಗು ಹೋಯಿತು. ಕೈಯನ್ನು ಹತ್ತಿರದಿಂದ ನೋಡಿದಳು, ಮುಟ್ಟಲಿಲ್ಲ.

"ಅಯ್ಯೋ, ಅವ್ಳನ್ನೇ ಕೇಳ್ರಮ್ಮ!" ತೋಂಟದಾರ್ಯ ಮುಂದೆ ಬಂದ. "ಡಾಕ್ಟ್ರ ಮುಂದೆ ಏನಂದ್ಲು, ಪೊಲೀಸ್ನೋರ ಮುಂದೆ ಏನಂದ್ಲು, ಕೇಳ್ರಿ. ಮನೇಲಿ ಮೇವು ಕತ್ತರಿಸ್ವಾಗ ಅಂತ ಅವ್ಳ ಬಾಯಲ್ಲೇ ಹೇಳವ್ಳೆ. ಕಾರಲ್ಲಿ ಕರ್ಕಂಡೋಗಿ ಜೀವ ಉಳಿಸ್ದೋನು ನಾನು. ಅದಕ್ಕೆ ಈ ಮರ್ಯಾದಿ."

"ನೀವೇ ಹಾಗೆ ಹೇಳಿದ್ರಾ ಅಮ್ಮ?"

ಪುಟ್ಟಗಂಗಮ್ಮ ತಲೆ ತಗ್ಗಿಸಿದಳು. "ಹೂಂ ಕಣವ್ವ. ನಾನೇ ಅಂದೆ."

"ಹಾಗಿದ್ರೆ ಇಲ್ಲೇ ಆಯ್ತು ಅನ್ನೋದನ್ನ ನೋಡಿದವರು ಯಾರಾದ್ರೂ ಇದ್ದಾರಾ?"

ಆವತ್ತು ಪಕ್ಕದಲ್ಲಿ ನಿಂತಿದ್ದವಳು ಮರಿಯಮ್ಮ. ತನ್ನ ಸೆರಗನ್ನೇ ಹರಿದು ಆ ಕೈಗೆ ಸುತ್ತಿದವಳು. ಪುಟ್ಟಗಂಗಮ್ಮ ಅವಳ ಕಡೆ ನೋಡಿದಳು. ಮರಿಯಮ್ಮ ಗ್ಲೌಸಿನ ಬೆರಳುಗಳನ್ನು ಎಳೆಯುತ್ತಾ, "ನಾನು ಆವತ್ತು ರಜ ಹಾಕಿದ್ದೆ" ಎಂದಳು. ಅವಳ ದನಿ ಅರ್ಧಕ್ಕೇ ಇಂಗಿಹೋಯಿತು. ಪುಟ್ಟಗಂಗಮ್ಮ ಅವಳನ್ನು ಬೈದುಕೊಳ್ಳಲಿಲ್ಲ. ಆ ಜಾಗದಲ್ಲಿ ತಾನಿದ್ದರೂ ರಜ ಹಾಕಿರುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

"ಮೇಡಂ, ನನ್ ಬೆಳ್ಳು ಸಿಗ್ಲೇ ಇಲ್ಲ," ಎಂದಳು. "ಪುಡೀಲಿ ಹೋದೋ. ಆ ಪುಡಿ ಏನ್ಮಾಡಿದ್ರು ಅಂತ ಇವ್ರನ್ನೇ ಕೇಳಿ. ಚೆಲ್ಲಿದ್ದು ನಾನ್ ನೋಡ್ಲಿಲ್ಲ."

ಇದನ್ನು ಕನ್ನಡದಿಂದ ಇಂಗ್ಲಿಷಿಗೆ ತಂದಾಗ ಮೇಡಂ ಎರಡು ಹೆಜ್ಜೆ ಹಿಂದೆ ಸರಿದಳು. ತೋಂಟದಾರ್ಯನ ಮುಖ ಮೊದಲ ಬಾರಿಗೆ ಬೆಳ್ಳಗಾಯಿತು. ಆಮೇಲೆ ಮೇಡಂ, ಜೀವಿತಾ ಅವರವರಲ್ಲೇ ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡಿಕೊಂಡರು. ಪುಟ್ಟಗಂಗಮ್ಮನಿಗೆ ತಿಳಿದದ್ದು ಪೌಡರ್, ಪೌಡರ್ ಎಂಬ ಒಂದೇ ಶಬ್ದ. ಮೇಡಂ ಕೇಳುತ್ತಿದ್ದದ್ದು ಯಾವ ತಿಂಗಳ ಪುಡಿ, ಯಾವ ಮೂಟೆ, ಯಾವ ಹಡಗು ಎಂದು. ಕೈಯ ಬಗ್ಗೆ ಒಂದು ಮಾತಾಗಿತ್ತು, ಪುಡಿಯ ಬಗ್ಗೆ ಹತ್ತು ಮಾತಾದವು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಅದನ್ನು ಮುಂದಕ್ಕೆ ಚಾಚಿಕೊಂಡೇ ನಿಂತಿದ್ದಳು. ನಿಲ್ಲುತ್ತಾ ನಿಲ್ಲುತ್ತಾ ನಾಚಿಕೆ ಹೆಚ್ಚಾಯಿತು.

ಕಡೆಗೆ ಜೀವಿತಾ ಬಂದಳು. ಒಳ್ಳೆಯ ಹುಡುಗಿ. ಕಣ್ಣಲ್ಲಿ ನೀರಾಡಿತ್ತು.

"ಪುಡಿ ವಿಚಾರ ತನಿಖೆ ಮಾಡಿಸ್ತಾರಂತೆ ಅಮ್ಮ. ಆದ್ರೆ ಕೈ ವಿಚಾರ... ನೀವೇ ಮನೇಲಿ ಆಯ್ತು ಅಂದಿದ್ದೀರಿ, ನೋಡಿದವರೂ ಇಲ್ಲ. ಮನೇಲಿ ಆಗಿದ್ದನ್ನ ನಾವು ಸೇರಿಸೋ ಹಾಗಿಲ್ಲ. ಕೆಲಸದ ಜಾಗದಲ್ಲಿ ಆಗಿದ್ದನ್ನ ಮಾತ್ರ ಅಳೆಯೋದು."

"ಹಂಗಾರೆ ಇಲ್ಲಿ ಯಾರ್ಗೂ ಏನೂ ಆಗಿಲ್ಲ ಅಂತ ಹೋಯ್ತದಾ?"

ಪುಟ್ಟಗಂಗಮ್ಮ ಗ್ರೈಂಡರಿನ ಬಾಯಿಯ ಕಡೆ ಕೈ ತೋರಿಸಿದಳು.

"ಈ ಜಾಲರಿ?"

"ಜಾಲರಿ ಇದೆಯಲ್ಲಮ್ಮ. ಅದನ್ನ ನೋಡಿದ್ರು, ಚೆನ್ನಾಗಿದೆ ಅಂದ್ರು."

"ಆಯ್ತಲ್ಲ, ಹೋಗೇ ಈಗ," ಯೋಗೀಶ ಅವಳ ಕಿವಿಯ ಹತ್ತಿರ ಹಲ್ಲು ಕಚ್ಚಿದ. "ಕಾರು ಹೋಗ್ಲಿ, ನಿಂಗೂ ನಿನ್ ಮಗ್ಳಿಗೂ ಐತೆ."

ಪುಟ್ಟಗಂಗಮ್ಮ ಹೊರಟಳು. ಬಾಗಿಲಿನ ಕಡೆಗಲ್ಲ, ಗ್ರೈಂಡರಿನ ಕಡೆಗೆ. ಎಡಗೈಯಲ್ಲಿ ಒಂದು ತಂತಿ ಕಿತ್ತಳು. ಇನ್ನೊಂದನ್ನು ಹಲ್ಲಿನಿಂದ ಎಳೆದಳು. ಜಾಲರಿ ಎದ್ದು ಬಂತು. ಅದನ್ನು ಮೇಡಮ್ಮಿನ ಕಾಲ ಬುಡಕ್ಕೆ ಎಸೆದಳು. ಬಲಗೈಯನ್ನು, ಆ ಮೊಂಡನ್ನೇ, ಮೊಣಕೈವರೆಗೆ ಯಂತ್ರದ ಬಾಯೊಳಗೆ ಇಳಿಸಿದಳು. ಬ್ಲೇಡು ತಣ್ಣಗೆ ತಾಗಿತು.

"ಹಾಕ್ಲಾ ಯೋಗೀಶ ಸ್ವಿಚ್ಚ," ಎಂದಳು. ಹೆಸರಿನ ಮುಂದೆ ಅಪ್ಪ ಸೇರಿಸಲಿಲ್ಲ. "ಆವತ್ತು ಅಳ್ಯೋರು ಯಾರೂ ಇರ್ಲಿಲ್ಲ, ಏನೇನೋ ಬೊಗಳ್ದೆ. ಇವತ್ತು ಅವ್ರೆ. ಮೇಡಮ್ಮಿಗೆ ಹೇಳವ್ವ, ಕಣ್ ಬಿಟ್ಕಂಡು ನೋಡ್ಲಿ. ಇದು ಮನೆ ಅಲ್ಲ, ಫ್ಯಾಕ್ಟ್ರಿ. ಇದನ್ನಾದ್ರೂ ಬರ್ಕಳ್ಳಿ."

ಜೀವಿತಾ ಮೇಡಮ್ಮಿನ ತೋಳು ಹಿಡಿದುಕೊಂಡಳು.

"ಏ ಹುಡ್ಗಿ, ನಿಮ್ಮವ್ವನ್ನ ಎಳ್ಯೇ ಈಚೆಗೆ!" ತೋಂಟದಾರ್ಯ ಅರಚಿದ. "ಎಳೀ ಅಂದೆ!"

ಸೌಂದರ್ಯ ಬಂದಳು. ತಾಯಿಯ ಭುಜ ಹಿಡಿಯಲಿಲ್ಲ. ಮೂಗಿನ ಬಟ್ಟೆ ಕಿತ್ತು ಹಾಕಿದಳು. ಬಲಗೈಯ ಹೊಸ ಗ್ಲೌಸನ್ನು ಬೆರಳು ಬೆರಳಾಗಿ ಎಳೆದು ತೆಗೆದಳು. ಐದೂ ಬೆರಳಿದ್ದ ಆ ಕೈಯನ್ನು ತಾಯಿಯ ಕೈಯ ಪಕ್ಕದಲ್ಲೇ ಯಂತ್ರದ ಬಾಯೊಳಗೆ ಇಟ್ಟಳು.

ಪುಟ್ಟಗಂಗಮ್ಮ ಎಡಗೈಯಲ್ಲಿ ಮಗಳ ತೋಳು ಎಳೆದಳು. "ತೆಗ್ಯೇ ಕೈಯ! ನಿನ್ ದಮ್ಮಯ್ಯ ಅಂತೀನಿ, ತೆಗ್ಯೇ!"

"ನೀ ತೆಗೀ ಮೊದ್ಲು."

"ನಂದು ಹೋಗಿರೋ ಕೈ ಕಣೇ!"

"ನಂದೂ ಹೋಗಾದೇ ಕಣವ್ವ. ಇವತ್ತಲ್ಲ ನಾಳೆ."

ಮೇಡಂ ಏನೋ ಕೂಗುತ್ತಿದ್ದಳು. ಹೆಂಗಸರು ಗೋಡೆಗೆ ಸರಿದಿದ್ದರು. ತೋಂಟದಾರ್ಯ ಮೇಡಮ್ಮಿನ ಹೆಗಲಿಂದ ಬಿದ್ದ ಶಾಲು ತುಳಿದುಕೊಂಡು ಬಾಗಿಲಿನ ಕಡೆ ಹೋಗಿದ್ದ. ಗ್ರೈಂಡರಿನ ಸ್ವಿಚ್ಚಿನ ಹಸಿರು ಗುಂಡಿಯ ಹತ್ತಿರ ಯೋಗೀಶನೊಬ್ಬನೇ ನಿಂತಿದ್ದ.